ಇದ್ದಿಲು ಲಾರಿ ಹತ್ತಿದ ಬೆಳ್ಳಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನನಗಿಂತ ನಾಲ್ಕು ವರ್ಷ ಹಿರಿಯಳಾದ ಒಂದು ಆಡು ಇತ್ತು. ಅವಳ ಹೆಸರು ಬೆಳ್ಳಿ. ಮೈಯೆಲ್ಲ ಅಚ್ಚ ಬಿಳಿ. ಎಡಗಿವಿಯ ತುದಿ ಮಾತ್ರ ಯಾರೋ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕಂದು. ನನಗಾಗ ಒಂಬತ್ತು ವರ್ಷ, ಅವಳಿಗೆ ಹದಿಮೂರು. ಹದಿಮೂರು ವರ್ಷದ ಹುಡುಗಿ ಎಂದರೆ ಎರಡು ಜಡೆ ಹಾಕಿಕೊಂಡು ಕುಣಿಯುವವಳು, ಆದರೆ ಹದಿಮೂರು ವರ್ಷದ ಆಡು ಎಂದರೆ ಹಣ್ಣು ಹಣ್ಣು ಮುದುಕಿ. ನಡೆದರೆ ಮೊಣಕಾಲು ಕಟಕಟ ಎನ್ನುತ್ತಿತ್ತು, ಗಡ್ಡ ಉದ್ದವಾಗಿ ಜೋತು ಬಿದ್ದಿತ್ತು, ಬಾಯಲ್ಲಿ ಹುಡುಕಿದರೆ ನಾಲ್ಕೈದು ಹಲ್ಲು ಸಿಗುತ್ತಿದ್ದವು. ಹಾಲು ಕೊಡುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ಆದರೂ ಅವಳಿಗಿದ್ದ ಠೀವಿ ನಮ್ಮ ಮನೆಯಲ್ಲಿ ಇನ್ನು ಯಾರಿಗೂ ಇರಲಿಲ್ಲ.

ಅದಕ್ಕೆ ಕಾರಣ ನಾನೇ. ನಾನು ಹುಟ್ಟಿದ ತಿಂಗಳಿಗೇ ಅಮ್ಮ ಟೈಫಾಯ್ಡ್ ಬಂದು ಹಾಸಿಗೆ ಹಿಡಿದಳಂತೆ. ಹಸುವಿನ ಹಾಲು ಕುಡಿಸಿದರೆ ನಾನು ಕಾರಿಕೊಳ್ಳುತ್ತಿದ್ದೆನಂತೆ. ಕೊನೆಗೆ ಅಪ್ಪ ಬೆಳ್ಳಿಯ ಹಾಲು ಕಾಯಿಸಿ, ಆರಿಸಿ, ಒಳಲೆಯಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಗೆ ಬಿಟ್ಟಾಗ ಚಪ್ಪರಿಸಿಕೊಂಡು ಕುಡಿದೆನಂತೆ. ಆರು ತಿಂಗಳು ನಾನು ಬದುಕಿದ್ದು ಆ ಹಾಲಿನ ಮೇಲೆ. ಹೀಗಾಗಿ ಬೆಳ್ಳಿಗೆ ವಯಸ್ಸಾಯಿತು, ಮಾರಿಬಿಡಿ ಎಂದು ಯಾರಾದರೂ ಮಾತು ತೆಗೆದರೆ ಅಪ್ಪ ನನ್ನನ್ನು ಕರೆದು ಅವರ ಮುಂದೆ ನಿಲ್ಲಿಸುತ್ತಿದ್ದ. ಅಷ್ಟಕ್ಕೇ ಮಾತು ಮುಗಿಯುತ್ತಿತ್ತು.

ನಮ್ಮ ಮನೆ ಭದ್ರಾವತಿಯಲ್ಲಿ ಕಾರ್ಖಾನೆಯವರ ಕ್ವಾರ್ಟರ್ಸಿನಲ್ಲಿತ್ತು. ಸಾಲು ಸಾಲು ಹೆಂಚಿನ ಮನೆಗಳು, ಹಿಂದೆ ಒಂದು ಪುಟ್ಟ ಹಿತ್ತಲು, ಹಿತ್ತಲಲ್ಲಿ ಬೆಳ್ಳಿಯ ತಗಡಿನ ಗೂಡು. ಅಲ್ಲಿ ಗಡಿಯಾರ ಇದ್ದ ಮನೆ ಕಡಿಮೆ. ಕಾರ್ಖಾನೆಯ ಸೈರನ್ನೇ ನಮ್ಮೆಲ್ಲರ ಗಡಿಯಾರ. ಬೆಳಗ್ಗೆ ಆರಕ್ಕೆ ಅದು ಕೂಗಿದರೆ ಮೊದಲ ಶಿಫ್ಟು, ಮಧ್ಯಾಹ್ನ ಎರಡಕ್ಕೆ ಕೂಗಿದರೆ ಸೆಕೆಂಡ್ ಶಿಫ್ಟು, ರಾತ್ರಿ ಹತ್ತಕ್ಕೆ ನೈಟು. ಅಪ್ಪನೂ ಚಿಕ್ಕಪ್ಪನೂ ಅಲ್ಲೇ ಕೆಲಸ ಮಾಡುತ್ತಿದ್ದರು, ಬೇರೆ ಬೇರೆ ಶಿಫ್ಟಿನಲ್ಲಿ. ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿರುತ್ತಿದ್ದರು. ಸೋಮವಾರ ಬಂತೆಂದರೆ ಎಲ್ಲರ ಶಿಫ್ಟೂ ಬದಲಾಗುತ್ತಿತ್ತು.

ಬೆಳ್ಳಿಗೆ ಸೊಪ್ಪು ಅಗಿಯುವುದು ಕಷ್ಟವಾದ ಮೇಲೆ ಅಮ್ಮ ದಿನಾ ಬೆಳಗ್ಗೆ ಅವಳಿಗೂ ಆಗುವಷ್ಟು ನುಚ್ಚಿನ ಗಂಜಿ ಮಾಡುತ್ತಿದ್ದಳು. ದಿನಕ್ಕೆ ಒಂದೇ ಬೋಗುಣಿ, ಅದೂ ತೆಳ್ಳಗೆ. ಹೆಚ್ಚಾದರೆ ಮುದಿ ಹೊಟ್ಟೆ ತಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಯಾರಿಗೆ ಆ ವಾರ ಸೆಕೆಂಡ್ ಶಿಫ್ಟೋ, ಬೆಳಗ್ಗೆ ಮನೆಯಲ್ಲಿರುವವರು ಅವರೇ ತಾನೇ, ಅವರೇ ಗಂಜಿ ಹಾಕಬೇಕು. ಬೇರೆ ಯಾರೂ ಬೋಗುಣಿ ಮುಟ್ಟುವ ಹಾಗಿರಲಿಲ್ಲ. ಈ ಏರ್ಪಾಡು ಮಂಗಳವಾರದಿಂದ ಭಾನುವಾರದವರೆಗೆ ಚೆನ್ನಾಗಿಯೇ ನಡೆಯುತ್ತಿತ್ತು. ಎಡವಟ್ಟಾದದ್ದು ಒಂದು ಸೋಮವಾರ.

ಬೇಸಿಗೆ ರಜೆ. ಕ್ವಾರ್ಟರ್ಸಿನ ಎಲ್ಲ ಮನೆಗಳಲ್ಲೂ ಸಂಡಿಗೆಯ ಕೆಲಸ. ನಮ್ಮ ಅಮ್ಮನೂ ದೊಡ್ಡ ಪಾತ್ರೆಯಲ್ಲಿ ಅಕ್ಕಿ ನೆನೆಹಾಕಿ ಮೂರನೆಯ ದಿನ. ದಿನಾ ನೀರು ಬದಲಿಸುತ್ತಿದ್ದರೂ ಅದಕ್ಕೆ ಹುಳಿ ಹುಳಿ ವಾಸನೆ ಬಂದಿತ್ತು, ಮೂಗಿಗೆ ಹಿತವಾದ ಹುಳಿ. ಆ ದಿನ ರುಬ್ಬಿ, ಬೇಯಿಸಿ, ಮರುದಿನ ಬಿಸಿಲಿಗೆ ಇಡುವ ಲೆಕ್ಕ. ಆರು ಗಂಟೆಯ ಸೈರನ್ ಕೇಳಿ ನಾನು ಎದ್ದು ಹಿತ್ತಲಿಗೆ ಬಂದರೆ ಬೆಳ್ಳಿ ಖಾಲಿ ಬೋಗುಣಿಯನ್ನು ನೆಕ್ಕುತ್ತ ನಿಂತಿದ್ದಳು. ನನ್ನನ್ನು ಕಂಡವಳೇ ಬೋಗುಣಿಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದಳು. ಆಮೇಲೆ ತಲೆ ಓರೆ ಮಾಡಿ ನೋಡಿದಳು. ಆ ನೋಟ ನಿಮಗೆ ಗೊತ್ತಿಲ್ಲ ಮಕ್ಕಳೇ, ಹುಟ್ಟಿದಾಗಿನಿಂದ ಉಪವಾಸ ಇದ್ದವಳ ನೋಟ ಅದು.

ಒಳಗೆ ಅಮ್ಮ ಸ್ನಾನಕ್ಕೆ ಹೋಗಿದ್ದಳು. ನಾನು ಲಂಗದ ಮಡಿಲು ಒಡ್ಡಿ, ನೆನೆದ ಅಕ್ಕಿಯನ್ನು ಬೊಗಸೆ ಬೊಗಸೆಯಾಗಿ ತುಂಬಿಕೊಂಡೆ. ಪಾತ್ರೆಯಲ್ಲಿ ಮಟ್ಟ ಇಳಿಯಿತು. ನನ್ನ ಬುದ್ಧಿ ನೋಡಿ, ಎರಡು ಚೊಂಬು ನೀರು ಸುರಿದು ಮಟ್ಟ ಸರಿ ಮಾಡಿದೆ. ಬೆಳ್ಳಿ ಆ ಅಕ್ಕಿಯನ್ನು ಕಣ್ಣು ಮುಚ್ಚಿಕೊಂಡು ತಿಂದಳು. ಹಲ್ಲುದುರಿದ ಬಾಯಿಗೆ ಮೆತ್ತಗಿನ ಅಕ್ಕಿ, ಅವಳಿಗೆ ಹಬ್ಬವೇ ಆಯಿತು. ನನ್ನ ಅಂಗೈಯನ್ನೂ ಲಂಗದ ಅಂಚನ್ನೂ ನೆಕ್ಕಿ ಸ್ವಚ್ಛ ಮಾಡಿದಳು. ನಾನು ಬೀಗುತ್ತ ಆಡಲು ಹೋದೆ.

ಹತ್ತು ಗಂಟೆಯ ಹೊತ್ತಿಗೆ ಅಕ್ಕ ಹಿತ್ತಲಿನಿಂದ ಅಮ್ಮನನ್ನು ಕರೆದ ದನಿ ಬೀದಿಯ ಕೊನೆಯವರೆಗೂ ಕೇಳಿತು. ಓಡಿ ಬಂದೆ. ಬೆಳ್ಳಿಯ ಎಡಹೊಟ್ಟೆ ಪಕ್ಕೆಲುಬಿಗಿಂತ ಮೇಲೆ ಉಬ್ಬಿ ನಿಂತಿತ್ತು. ಅಕ್ಕ ಬೆರಳಿನಿಂದ ತಟ್ಟಿದರೆ ಡೋಲಿನ ಹಾಗೆ ಡಬ್ ಡಬ್ ಎಂದಿತು. ಬೆಳ್ಳಿ ಹಲ್ಲು ಕಡಿಯುತ್ತಿದ್ದಳು, ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದೆಯುತ್ತಿದ್ದಳು, ಬಾಯಿಂದ ಜೊಲ್ಲು ನೂಲಿನಂತೆ ಇಳಿಯುತ್ತಿತ್ತು. ಮೆಲುಕು ಹಾಕುವುದು ನಿಂತೇ ಹೋಗಿತ್ತು. ಏನಾಗಿದೆ ಎಂದು ಬೇರೆ ಯಾರಿಗೂ ತಿಳಿಯದಿದ್ದರೂ ನನಗೆ ತಿಳಿದಿತ್ತು. ಆದರೆ ನಾಲಿಗೆ ಏಳಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ತಮಿಳು ಅಜ್ಜಿ ಇದ್ದರು, ಅವರನ್ನು ನಾವೆಲ್ಲ ಪಾಟಿ ಎಂದೇ ಕರೆಯುತ್ತಿದ್ದೆವು. ಸಂಡಿಗೆ ರುಬ್ಬಲು ಬಂದಿದ್ದ ಪಾಟಿ ಸೆರಗು ಸಿಕ್ಕಿಸಿಕೊಂಡು ಬೆಳ್ಳಿಯ ಹತ್ತಿರ ಕೂತರು. ಹೊಟ್ಟೆ ಮುಟ್ಟಿ ನೋಡಿದರು. ಇಂಗು ಕದಡಿದ ನೀರು ಕುಡಿಸಿದರು. ಬೆಳ್ಳಿ ಮುಂಗಾಲು ಮಡಿಸಿ ಮಲಗಲು ಹೋದಾಗ ಕೊಂಬು ಹಿಡಿದು ಎಬ್ಬಿಸಿದರು.

“ಮಲಗಕ್ಕೆ ಬಿಡಬೇಡಿ. ಮಲಗಿದ್ರೆ ಮತ್ತೆ ಏಳಲ್ಲ ಇದು” ಎಂದರು. ನನ್ನ ಮುಖ ನೋಡಿ, ತಮಿಳಿನ ಮುದ್ದಿನಲ್ಲಿ, “ಅಳಬೇಡ ಕಣ್ಣು, ಹಿಡ್ಕೊ ನೀನು” ಎಂದರು.

ಆ ವಾರ ನೈಟ್ ಶಿಫ್ಟಿದ್ದ ಅಪ್ಪ ಸೀಮೆಎಣ್ಣೆಯ ಕ್ಯೂನಿಂದ ಡಬ್ಬ ಹಿಡಿದುಕೊಂಡೇ ಓಡಿ ಬಂದ. ಚಿಕ್ಕಪ್ಪ ಸೈಕಲ್ ಹತ್ತಿ ದನದ ಆಸ್ಪತ್ರೆಗೆ ಹೋದ. ಕಾಲು ಗಂಟೆಯಲ್ಲಿ ಬೆವರಿಳಿಸಿಕೊಂಡು ವಾಪಸು. ಡಾಕ್ಟರು ಬೆಳಗ್ಗೆಯೇ ಮಲವಗೊಪ್ಪಕ್ಕೆ ಹೋಗಿದ್ದಾರಂತೆ, ಅಲ್ಲಿ ಒಂದು ಎಮ್ಮೆಗೆ ಕರು ಸಿಕ್ಕಿಕೊಂಡಿದೆಯಂತೆ, ಬರುವುದು ಯಾವಾಗಲೋ ಗೊತ್ತಿಲ್ಲವಂತೆ. ಮಲವಗೊಪ್ಪ ಎಂದರೆ ಶಿವಮೊಗ್ಗದ ದಾರಿಯಲ್ಲಿ, ಇನ್ನೇನು ಶಿವಮೊಗ್ಗ ಬಂತು ಎನ್ನುವಾಗ ಸಿಗುವ ಊರು. ಆಡನ್ನು ಬಸ್ಸಿಗೆ ಹತ್ತಿಸುವವರು ಯಾರು?

ಪಾಟಿಯ ಮಗ ಲಾರಿ ಓಡಿಸುತ್ತಿದ್ದ. ಕುಂಸಿಯ ಕಡೆಯಿಂದ ಕಾರ್ಖಾನೆಗೆ ಇದ್ದಿಲು ತರುವ ಲಾರಿ. ಆ ಅಣ್ಣ ಬೆಳಗಿನ ಲೋಡು ಇಳಿಸಿ, ಮನೆಯ ಮುಂದೆ ಲಾರಿ ನಿಲ್ಲಿಸಿ, ಆಗಷ್ಟೇ ಊಟಕ್ಕೆ ಕೂತಿದ್ದ. ಪಾಟಿ ಕಿಟಕಿಯಿಂದಲೇ ತಮಿಳಿನಲ್ಲಿ ಏನೋ ಕೂಗಿದರು. ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಮುಂದೆ ಅವನ ಪಕ್ಕದ ಸೀಟಿನ ಮೇಲೆ ಟಯರು, ಹಗ್ಗ, ಜಾಕಿ ತುಂಬಿತ್ತು. ಹಾಗಾಗಿ ನಾವೆಲ್ಲ ಹಿಂದೆ, ಖಾಲಿಯಾದ ಇದ್ದಿಲಿನ ತೊಟ್ಟಿಯಲ್ಲಿ. ಅಪ್ಪ ಮತ್ತು ಚಿಕ್ಕಪ್ಪ ಬೆಳ್ಳಿಯನ್ನು ಎತ್ತಿ ಹಾಕಿದರು. ನಾನು ಯಾರನ್ನೂ ಕೇಳದೆ ಟಯರಿನ ಮೇಲೆ ಕಾಲಿಟ್ಟು ಹತ್ತಿಬಿಟ್ಟೆ. ಇಳಿ ಎಂದು ಅಮ್ಮ ಹೇಳುವಷ್ಟರಲ್ಲಿ ಲಾರಿ ಹೊರಟಿತ್ತು.

ಆ ಪ್ರಯಾಣ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಸಿಲಿಗೆ ಕಾದ ತಗಡು, ಅಡಿಗಡಿಗೆ ಗುಂಡಿ. ಲಾರಿ ಒಮ್ಮೆ ಕುಪ್ಪಳಿಸಿದರೆ ತಳದಲ್ಲಿದ್ದ ಇದ್ದಿಲಿನ ಪುಡಿ ಮೇಲೆದ್ದು ನಮ್ಮನ್ನೆಲ್ಲ ಮುಚ್ಚುತ್ತಿತ್ತು. ಚಿಕ್ಕಪ್ಪ ಬೆಳ್ಳಿಯ ಹಿಂಭಾಗ ಹಿಡಿದಿದ್ದ, ಅಪ್ಪ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದಿದ್ದ, ನಾನು ಕುತ್ತಿಗೆ ತಬ್ಬಿಕೊಂಡಿದ್ದೆ. ಅವಳ ಉಸಿರು ನನ್ನ ಕಿವಿಯ ಹತ್ತಿರ ಸರ ಸರ ಎನ್ನುತ್ತಿತ್ತು. ಭಯ ಎಷ್ಟಿತ್ತೋ ಅಷ್ಟೇ ಒಂದು ಬಗೆಯ ಹುರುಪೂ ಇತ್ತು ಎಂದರೆ ನಂಬುತ್ತೀರಾ? ಲಾರಿಯ ಮೇಲೆ ನಿಂತು ನಾನು ಊರು ದಾಟಿದ್ದೇ ಅದು ಮೊದಲು. ಕಬ್ಬಿನ ಗಾಡಿಗಳು ಹಿಂದೆ ಬಿದ್ದವು, ಬಸ್ಸೊಂದು ಹಿಂದೆ ಬಿತ್ತು. ಪಾಟಿಯ ಮಗ ದಾರಿಯುದ್ದಕ್ಕೂ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನು ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ, ಆಡು ನಿಂತಿದೆಯೇ ಎಂದು. ನಿಂತಿದೆ ಎಂದು ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಮಲವಗೊಪ್ಪದಲ್ಲಿ ಲಾರಿ ನಿಂತಾಗ ನಾವು ಮೂವರೂ ಕಪ್ಪಾಗಿದ್ದೆವು, ಹಲ್ಲು ಮತ್ತು ಕಣ್ಣು ಮಾತ್ರ ಬೆಳ್ಳಗೆ. ಬೆಳ್ಳಿಯಂತೂ ಕೊಂಬಿನಿಂದ ಗೊರಸಿನವರೆಗೆ ಕರಿ ಆಡಾಗಿದ್ದಳು. ಎಮ್ಮೆ ಇದ್ದ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಅರ್ಧ ಊರು ಅಲ್ಲೇ ನೆರೆದಿತ್ತು. ಸಂಜೆ ಬರುತ್ತೇನೆಂದು ಹೇಳಿ ಪಾಟಿಯ ಮಗ ಕುಂಸಿಯ ಕಡೆ ಹೊರಟ. ಅಪ್ಪ ಬೆಳ್ಳಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಜನರ ನಡುವೆ ನುಗ್ಗಿದ.

ಅಂಗಳದಲ್ಲಿ ಎಮ್ಮೆ ಮಲಗಿತ್ತು. ಡಾಕ್ಟರು ಬನಿಯನ್ನಿನಲ್ಲಿ ನೆಲದ ಮೇಲೆ ಬೋರಲು ಬಿದ್ದಿದ್ದರು, ಒಂದು ಕೈ ಭುಜದವರೆಗೆ ಎಮ್ಮೆಯ ಒಳಗೆ. ನಮ್ಮನ್ನು ನೋಡಿದರು, ಕೈ ತೆಗೆಯುವ ಹಾಗಿರಲಿಲ್ಲ. ಬಿದ್ದಲ್ಲಿಂದಲೇ ಬೆಳ್ಳಿಯ ಹೊಟ್ಟೆಯ ಆಕಾರ ನೋಡಿ ಅಪ್ಪನಿಗೆ ಹೇಳುತ್ತ ಹೋದರು. ಮುಂಗಾಲು ಜಗಲಿಯ ಮೇಲೆ ಇಡಿ, ಹಿಂಗಾಲು ಕೆಳಗೇ ಇರಲಿ. ಬಾಯಿಗೆ ಅಡ್ಡಲಾಗಿ ಒಂದು ಬೇವಿನ ಕಡ್ಡಿ ಕಚ್ಚಿಸಿ. ಎಡಹೊಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ತೀಡಿ, ನಿಲ್ಲಿಸಬೇಡಿ. ಅಪ್ಪ ತೀಡಿದ, ದಣಿದಾಗ ಚಿಕ್ಕಪ್ಪ ತೀಡಿದ, ಆಮೇಲೆ ನಾನು ತೀಡಿದೆ. ಅತ್ತ ಎಮ್ಮೆ ಮುಲುಗುತ್ತಿತ್ತು, ಇತ್ತ ಬೆಳ್ಳಿ ಮುಲುಗುತ್ತಿದ್ದಳು. ನೋಡಲು ಬಂದವರಿಗೆ ಯಾವ ಕಡೆ ನೋಡಬೇಕೆಂದು ತಿಳಿಯದೆ ಕುತ್ತಿಗೆ ನೋವು ಬಂದಿರಬೇಕು.

ಮೊದಲು ಎಮ್ಮೆಯ ಕರು ಬಂತು. ಜಾರಿಕೊಂಡು ಬಂದು ಹುಲ್ಲಿನ ಮೇಲೆ ಬಿದ್ದು ಸೀನಿತು. ಜನರೆಲ್ಲ ಹೋ ಎಂದರು. ಆ ಸದ್ದಿಗೆ ಬೆಚ್ಚಿದಳೋ ಏನೋ, ಬೆಳ್ಳಿ ಕುತ್ತಿಗೆ ಮುಂದೆ ಚಾಚಿ ಒಂದು ತೇಗು ತೇಗಿದಳು. ಅಂಥ ತೇಗನ್ನು ನಾನು ಮನುಷ್ಯರಲ್ಲಿಯೂ ಕೇಳಿಲ್ಲ. ಹಿಂದೆಯೇ ಇನ್ನೊಂದು, ಮತ್ತೊಂದು. ಹುಳಿ ವಾಸನೆ ಅಂಗಳ ತುಂಬಿತು. ಹೊಟ್ಟೆ ನಮ್ಮ ಕಣ್ಣೆದುರೇ ಒಂದು ಗೇಣು ಇಳಿಯಿತು. ಚಿಕ್ಕಪ್ಪ ನನ್ನನ್ನು ಎತ್ತಿ ತಿರುಗಿಸಿದ.

ಡಾಕ್ಟರು ಕೈ ತೊಳೆದುಕೊಂಡು ಬಂದು ಬೆಳ್ಳಿಯ ತುಟಿ ಎತ್ತಿ ಒಸಡು ನೋಡಿದರು. ಏನು ತಿಂದಿದೆ ಎಂದು ಕೇಳಿದರು. ದಿನಾ ಹಾಕುವ ಒಂದು ಬೋಗುಣಿ ನುಚ್ಚಿನ ಗಂಜಿ, ಬೆಳಗ್ಗೆ ಸೈರನ್ನಿಗೆ ಮುಂಚೆ ನಾನೇ ಹಾಕಿದೆ ಎಂದ ಅಪ್ಪ.

ಚಿಕ್ಕಪ್ಪ ಅಪ್ಪನ ಕಡೆ ತಿರುಗಿದ. “ನೀನ್ ಯಾಕ್ ಹಾಕ್ದೆ ಅಣ್ಣ? ಈ ವಾರ ಸೆಕೆಂಡ್ ಶಿಫ್ಟು ನಂದು. ಏಳ್ ಗಂಟೆಗೆ ನಾನ್ ಹಾಕಿದೀನಿ.”

“ಹೋದ ವಾರದ ಅಭ್ಯಾಸ ಮಾರಾಯ. ಕಾಲು ತಾನೇ ಹೋಯ್ತು ಅದರ ಹತ್ರ” ಎಂದ ಅಪ್ಪ.

ಬೆಳ್ಳಿ ಇಬ್ಬರ ಕೈಯಿಂದಲೂ ತಿಂದು, ಇಬ್ಬರಿಗೂ ಹೇಳದೆ ಇದ್ದಳು. ಡಾಕ್ಟರು ನಕ್ಕರು. ಸುತ್ತ ನಿಂತವರೂ ನಕ್ಕರು. ಎರಡು ಬೋಗುಣಿ ಗಂಜಿ ಮುದಿ ಹೊಟ್ಟೆಗೆ ಭಾರವಾಗಿದೆ ಅಷ್ಟೇ, ಗಾಳಿ ಹೋಯಿತಲ್ಲ, ಮನೆಗೆ ಕರೆದುಕೊಂಡು ಹೋಗಿ ಸ್ವಲ್ಪ ಕಡಲೆಕಾಯಿ ಎಣ್ಣೆ ಕುಡಿಸಿ, ನಾಳೆಗೆ ಸರಿಹೋಗುತ್ತೆ ಎಂದರು. ಚೀಲದ ಬಾಯಿ ಕಟ್ಟತೊಡಗಿದರು.

ನಾನು ಬೆಳ್ಳಿಯ ಕುತ್ತಿಗೆ ಹಿಡಿದುಕೊಂಡು ನಿಂತಿದ್ದೆ. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಆ ತೇಗಿನ ವಾಸನೆ ಸಂಡಿಗೆ ಅಕ್ಕಿಯದು ಎಂದು ಗೊತ್ತಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ತಪ್ಪು ಅಪ್ಪ ಚಿಕ್ಕಪ್ಪನ ಮೇಲೇ ಉಳಿಯುತ್ತದೆ, ಅವರು ನಗುತ್ತಲೇ ಮನೆಗೆ ಹೋಗುತ್ತಾರೆ. ಹೇಳಿದರೆ ಊರ ಜನರ ಮುಂದೆ ಮಾನ ಹೋಗುತ್ತದೆ, ಅಪ್ಪನ ಮುಖ ಬದಲಾಗುತ್ತದೆ. ಬೇಡ, ಬೆಳ್ಳಿ ಹೇಗೂ ಸರಿಹೋದಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಅವಳು ಮತ್ತೆ ಹಲ್ಲು ಕಡಿದಳು. ಕರ್ರ್ ಎಂಬ ಆ ಸದ್ದು ನನ್ನ ಕೈಗೆ ಬಂತು.

“ಅಪ್ಪ, ನಾನು ಸಂಡಿಗೆ ಅಕ್ಕಿ ಹಾಕಿದ್ದೆ” ಎಂದೆ.

ನಗು ನಿಂತಿತು. ಡಾಕ್ಟರು ಕಟ್ಟುತ್ತಿದ್ದ ಚೀಲವನ್ನು ಕೆಳಗಿಟ್ಟರು, ನನ್ನ ಎದುರು ಕುಕ್ಕರಗಾಲಲ್ಲಿ ಕೂತರು.

“ಎಷ್ಟು ಹಾಕ್ದೆ ಪುಟ್ಟಿ? ಹೆದರ್ಬೇಡ, ಸರಿಯಾಗಿ ತೋರ್ಸು.”

ನಾನು ಲಂಗದ ಮಡಿಲು ಒಡ್ಡಿ, ಇಷ್ಟು ತುಂಬ ಎಂದು ತೋರಿಸಿದೆ. ಎಷ್ಟು ದಿನ ನೆನೆದ ಅಕ್ಕಿ ಎಂದು ಕೇಳಿದರು. ಮೂರು ದಿನ ಎಂದೆ. ಅವರು ತಟ್ಟನೆ ಎದ್ದರು. ಬನಿಯನ್ನಿನ ಮೇಲೆ ಹಾಕಿಕೊಂಡಿದ್ದ ಅಂಗಿಯನ್ನು ಮತ್ತೆ ಬಿಚ್ಚಿದರು. ಹಸಿ ಅಕ್ಕಿ ಒಳಗೆ ಕೂತು ಹುಳಿ ಬರುತ್ತಿದೆ, ಈಗ ಹೋದ ಗಾಳಿ ಸಂಜೆಗೆ ಮತ್ತೆ ತುಂಬುತ್ತದೆ, ಆ ಹುಳಿ ರಕ್ತಕ್ಕೆ ಏರಿದರೆ ಎಣ್ಣೆಯಿಂದ ಏನೂ ಆಗುವುದಿಲ್ಲ ಎಂದು ಅಪ್ಪನಿಗೆ ಹೇಳಿದರು. ಎಮ್ಮೆಗಾಗಿ ಹಂಡೆಯಲ್ಲಿ ಕಾಯಿಸಿದ್ದ ಬಿಸಿನೀರು ಅರ್ಧ ಉಳಿದಿತ್ತು, ಅದು ನಮ್ಮ ಪುಣ್ಯ. ಮನೆಯಾಕೆ ಅಡಿಗೆ ಸೋಡಾದ ಡಬ್ಬವನ್ನೇ ತಂದುಕೊಟ್ಟರು. ಡಾಕ್ಟರು ಚೀಲದಿಂದ ಉದ್ದನೆಯ ರಬ್ಬರ್ ಕೊಳವೆ ತೆಗೆದು, ಎಣ್ಣೆ ಸವರಿ, ಬೆಳ್ಳಿಯ ಬಾಯಿಂದ ಮೆಲ್ಲಗೆ ಹೊಟ್ಟೆಯವರೆಗೆ ಇಳಿಸಿದರು. ಆಲಿಕೆಯಲ್ಲಿ ಬೆಚ್ಚಗಿನ ನೀರು ಹೊಯ್ಯುವುದು, ಕೊಳವೆಯ ತುದಿ ಕೆಳಗೆ ಬಾಗಿಸುವುದು, ನೀರು ಹಿಂದಕ್ಕೆ ಸುರಿಯುವುದು. ನೀರಿನ ಜೊತೆಗೆ ನನ್ನ ಅಕ್ಕಿ ಕಾಳು ಕಾಳಾಗಿ ಹೊರಗೆ ಬಂತು. ಪ್ರತಿ ಸಲವೂ ನಾನು ಕಾಳುಗಳನ್ನೇ ನೋಡುತ್ತಿದ್ದೆ. ಎಂಟು ಹತ್ತು ಸಲ ಹೀಗೆ ತೊಳೆದ ಮೇಲೆ ಸೋಡಾ ಕದಡಿದ ನೀರು ಒಳಗೆ ಬಿಟ್ಟು ಕೊಳವೆ ತೆಗೆದರು.

ಒಂದು ಗಂಟೆಗೆ ಚಿಕ್ಕಪ್ಪ ಹೊರಡಲೇಬೇಕಾಯಿತು. ಎರಡಕ್ಕೆ ಅವನ ಶಿಫ್ಟು. ಮುಖ ತೊಳೆಯಲೂ ಹೊತ್ತಿಲ್ಲದೆ ಕಪ್ಪಗಾದವನೇ ಬಸ್ಸಿಗೆ ಓಡಿದ. ಆಮೇಲೆ ಅವನು ಹೇಳಿದ್ದು ಕೇಳಿ, ಸೈರನ್ ಕೂಗುವ ಹೊತ್ತಿಗೆ ಸರಿಯಾಗಿ ಗೇಟು ತಲುಪಿದರೆ ಕಾವಲಿನವನು ಅವನ ಅವತಾರ ನೋಡಿ, ಶಿಫ್ಟು ಮುಗಿಯಿತಲ್ಲ ಮನೆಗೆ ಹೋಗು ಎಂದನಂತೆ.

ಸಂಜೆಯೊಳಗೆ ಮೆಲುಕು ಹಾಕಿದರೆ ಉಳಿದಳು ಎಂದು ತಿಳಿಯಿರಿ, ಇಲ್ಲದಿದ್ದರೆ ನಾನು ಹೇಳಲಾರೆ ಎಂದರು ಡಾಕ್ಟರು. ಅಪ್ಪ ಮತ್ತು ನಾನು ಜಗಲಿಯ ಮೇಲೆ ಬೆಳ್ಳಿಯ ಎರಡೂ ಕಡೆ ಕೂತೆವು. ಎದುರಿಗೆ ಎಮ್ಮೆಯ ಕರು ಎದ್ದು ನಿಲ್ಲಲು ಹೋಗಿ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಮನೆಯಾಕೆ ನಮಗೆ ಮಜ್ಜಿಗೆ ಕೊಟ್ಟರು. ಅಪ್ಪ ತನ್ನ ಪಾಲಿನ ಮಜ್ಜಿಗೆಯನ್ನೂ ನನ್ನ ಕಡೆಗೆ ಸರಿಸಿದ. ಬೈದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತು. ನಾನು ಬೆಳ್ಳಿಯ ದವಡೆಯನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಮೂರು ಗಂಟೆಯಾಯಿತು, ನಾಲ್ಕಾಯಿತು. ದವಡೆ ಅಲ್ಲಾಡಲಿಲ್ಲ. ನೆರಳು ಜಗಲಿ ದಾಟಿ ಅಂಗಳಕ್ಕೆ ಇಳಿಯಿತು.

ರಸ್ತೆಯಲ್ಲಿ ಪಾಟಿಯ ಮಗನ ಹಾರನ್ ಕೇಳಿದಾಗ ಬೆಳ್ಳಿಯ ಎಡಗಿವಿ ಆ ಕಡೆ ತಿರುಗಿತು. ಗಂಟಲಿನಲ್ಲಿ ಒಂದು ಉಂಡೆ ಕೆಳಗಿನಿಂದ ಮೇಲೆ ಬಂದದ್ದು ಕಂಡಿತು. ಆಮೇಲೆ ದವಡೆ ಪಕ್ಕಕ್ಕೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು.

ನಾನು ಅಪ್ಪನ ತೋಳು ಹಿಡಿದು ಎಳೆದೆ. ಅಪ್ಪನೂ ಅದನ್ನೇ ನೋಡುತ್ತಿದ್ದ. ಅವನ ಕರಿ ಮುಖದ ಮೇಲೆ ಎರಡು ಗೆರೆ ಮಾತ್ರ ಸ್ವಚ್ಛವಾಗಿದ್ದವು. ಅಪ್ಪ ಅತ್ತದ್ದನ್ನು ನಾನು ಕಂಡಿದ್ದು ಆಗಲೇ. ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ:

“ಹೇಳಿದ್ಯಲ್ಲ ಮಗಳೇ. ನಿನ್ನ ವಯಸ್ಸಲ್ಲಿ ನಾನಾಗಿದ್ರೆ ಹೇಳ್ತಿರ್ಲಿಲ್ಲ.”

ಇದ್ದಿಲು ತುಂಬಿದ ಲಾರಿಯಲ್ಲಿ ಈ ಸಲ ನಮಗೆ ಮುಂದೆ ಜಾಗ ಸಿಕ್ಕಿತು. ಟಯರನ್ನು ಇದ್ದಿಲಿನ ಮೇಲೆ ಎಸೆದು ಪಾಟಿಯ ಮಗ ಸೀಟು ಖಾಲಿ ಮಾಡಿದ್ದ. ಬೆಳ್ಳಿ ಅಪ್ಪನ ಕಾಲಿನ ಹತ್ತಿರ ನಿಂತು, ಗಡ್ಡ ಕುಣಿಸುತ್ತ, ಮೆಲುಕು ಹಾಕುತ್ತ ಬಂದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ನಮ್ಮನ್ನು ನೋಡಿ, ನಮ್ಮ ಆಡು ಎಲ್ಲಿ, ಇದು ಯಾರದು ಎಂದು ಕೇಳಿದಳು. ಅಕ್ಕ ನೀರು ತಂದು ಬೆಳ್ಳಿಯ ಮೈ ತೊಳೆಯುವಾಗ ಅಪ್ಪ ನಡೆದದ್ದನ್ನೆಲ್ಲ ಹೇಳಿದ. ತಾನು ಹಾಕಿದ್ದು, ಚಿಕ್ಕಪ್ಪ ಹಾಕಿದ್ದು, ನಾನು ಹಾಕಿದ್ದು. ಅಕ್ಕನ ಕೈ ಮೆಲ್ಲಗೆ ನಿಂತುಬಿಟ್ಟಿತು. ಶಿಫ್ಟು ಬದಲಾಗುವ ದಿನ ಗಂಡಸರು ಮರೆಯುತ್ತಾರೆಂದು ಎಂಟು ಗಂಟೆಗೆ ಅವಳೂ ಒಂದು ಬೋಗುಣಿ ಹಾಕಿದ್ದಳು. ಅಮ್ಮ ಹಣೆ ಹಣೆ ಚಚ್ಚಿಕೊಂಡು ನಕ್ಕಳು. ಆಮೇಲೆ ಒಳಗೆ ಹೋಗಿ ಸಂಡಿಗೆ ಅಕ್ಕಿಯ ಪಾತ್ರೆಯಲ್ಲಿ ಕೈಯಾಡಿಸಿ ನೋಡಿದಳು, ಅಲ್ಲಿ ಅಕ್ಕಿಗಿಂತ ನೀರೇ ಜಾಸ್ತಿ ಇತ್ತು. ಅದಕ್ಕೆ ನನಗೆ ಬೈಗುಳ ಬೇರೆಯಾಗಿಯೇ ಸಿಕ್ಕಿತು. ಆ ವರ್ಷ ಸಂಡಿಗೆ ಕರಿದಾಗಲೆಲ್ಲ ಚಿಕ್ಕಪ್ಪ ಹಿತ್ತಲಿನ ಕಡೆ ತಿರುಗಿ, ನಿನ್ನ ಪಾಲು ಮುಂಚೆಯೇ ಮುಟ್ಟಿದೆ ಎನ್ನುತ್ತಿದ್ದ.

ಮರುದಿನ ಅಪ್ಪ ನನ್ನ ಶಾಲೆಯ ಸ್ಲೇಟನ್ನು ಬೆಳ್ಳಿಯ ಗೂಡಿಗೆ ಮೊಳೆ ಹೊಡೆದು ನೇತುಹಾಕಿದ. ಗಂಜಿ ಹಾಕಿದವರು ಅದರ ಮೇಲೆ ಬಳಪದಿಂದ ಒಂದು ಗೆರೆ ಎಳೆಯಬೇಕು. ಗೆರೆ ಇದ್ದರೆ ಅವಳು ಎಷ್ಟೇ ತಲೆ ಓರೆ ಮಾಡಿದರೂ ನಂಬಬಾರದು. ಬೆಳ್ಳಿ ಆಮೇಲೆ ಎರಡು ವರ್ಷ ಬದುಕಿದಳು, ಆ ಸ್ಲೇಟನ್ನು ನೆಕ್ಕಿ ಗೆರೆ ಅಳಿಸುವುದನ್ನೂ ಕಲಿತಳು.

ಈಗ ನಿಮ್ಮ ಕಾಲ ನೋಡಿ. ಈ ವಿದ್ಯಾನಗರದ ಮನೆಯಲ್ಲಿ ಸೈರನ್ ಕೇಳುವುದಿಲ್ಲ, ಎಲ್ಲರ ಜೇಬಿನಲ್ಲೂ ಫೋನಿದೆ. ನಿಮ್ಮ ಅಪ್ಪ ಅಮ್ಮ ಬೇರೆ ಬೇರೆ ಹೊತ್ತಿಗೆ ಕೆಲಸಕ್ಕೆ ಹೋದರೂ ನಾಯಿ ಲಡ್ಡುವಿನ ಊಟಕ್ಕೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದೀರಿ, ಹಾಕಿದವರು ಟಿಕ್ ಮಾಡುತ್ತೀರಿ. ಆ ಹಾಳೆ ನೋಡಿದಾಗೆಲ್ಲ ನನಗೆ ನನ್ನ ಸ್ಲೇಟಿನ ನೆನಪು. ನಿನ್ನೆ ಲಡ್ಡು ವಾಂತಿ ಮಾಡಿಕೊಂಡು ಮೂಲೆ ಹಿಡಿದಾಗ ಐದೇ ನಿಮಿಷದಲ್ಲಿ ಕಾರಿನಲ್ಲಿ ಕ್ಲಿನಿಕ್ಕಿಗೆ ಹೋದಿರಿ. ಡಾಕ್ಟರು ಅದರ ಹೊಟ್ಟೆಯ ಒಳಗನ್ನು ಪರದೆಯ ಮೇಲೆ ತೋರಿಸಿದರು. ಯಾರ ಮೈಗೂ ಮಸಿ ಹತ್ತಲಿಲ್ಲ, ಯಾರೂ ಹೆಗಲ ಮೇಲೆ ಹೊರಲಿಲ್ಲ. ನನಗೆ ಸಂತೋಷವಾಯಿತು. ಏನು ತಿಂದಿದ್ದಾನೆ ಎಂದು ಡಾಕ್ಟರು ಕೇಳಿದಾಗ ನೀವು ಫೋನಿನಲ್ಲಿ ಆ ಹಾಳೆಯ ಫೋಟೋ ತೋರಿಸಿದಿರಿ. ದಿನಕ್ಕೆ ಎರಡೇ ಟಿಕ್, ಎಲ್ಲ ಸರಿಯಾಗಿದೆ. ಡಾಕ್ಟರು ತಲೆ ಕೆರೆದುಕೊಂಡು ಔಷಧಿ ಬರೆದುಕೊಟ್ಟರು, ನೀವು ರಾತ್ರಿಯೆಲ್ಲ ಅದರ ಪಕ್ಕ ಚಾಪೆ ಹಾಸಿಕೊಂಡು ಮಲಗಿದಿರಿ.

ಡಾಕ್ಟರು ಕೇಳಿದಾಗ ನಾನೂ ಕ್ಲಿನಿಕ್ಕಿನಲ್ಲಿ ನಿಮ್ಮ ಹಿಂದೆಯೇ ಕುರ್ಚಿಯ ಮೇಲೆ ಕೂತಿದ್ದೆ. ಬಾಯಿ ಬಿಡಲಿಲ್ಲ. ಒಂಬತ್ತು ವರ್ಷದಲ್ಲಿ ಇದ್ದ ಧೈರ್ಯ ಈ ವಯಸ್ಸಿನಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆಳಗ್ಗೆಯಿಂದ ಲಡ್ಡು ಏನೂ ಮುಟ್ಟಿಲ್ಲ, ಅದಕ್ಕೇ ಇವತ್ತು ನಿಮ್ಮನ್ನು ಕೂರಿಸಿಕೊಂಡು ಈ ಕಥೆ ಹೇಳಿದ್ದು. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಖಾಲಿ ತಟ್ಟೆಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿ, ತಲೆ ಓರೆ ಮಾಡಿ ನೋಡಿದ. ತುಪ್ಪ ಹಾಕಿದ ಮೂರು ಹೋಳಿಗೆ ಕೊಟ್ಟೆ, ಹಾಳೆಯಲ್ಲಿ ಟಿಕ್ ಮಾಡಲಿಲ್ಲ. ಫೋನು ತಗೊಳ್ಳಿ, ಡಾಕ್ಟರಿಗೆ ಹಚ್ಚಿ, ನಾನೇ ಹೇಳುತ್ತೇನೆ.